ಟ್ರಾನ್ಸ್‌ಫಾರ್ಮರಿನ ಜಮಾಖರ್ಚು

(ಉಚಿತ ವಾಚನಾಲಯದ ವಿದ್ಯಾರ್ಥಿಗಳಿಗಾಗಿ ಸಂಘದ ಸಭಾಗೃಹದಲ್ಲಿ ಮಾಡಿದ ಭಾಷಣ)



ಇಂದು ಇಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ ನಾವು ಮೊದಲು ಹಿಂದೆಮುಂದೆ ನೋಡಿದೆವು. ನಾವು ಪ್ರೊಫೆಸರರಲ್ಲ. ಈ ಮುಂಬಯಿಯ ಗಿರಣಿಯೊಂದರಲ್ಲಿ ಹೆಲ್ಪರಾಗಿ ಸೇರಿ, ಅಲ್ಲಿಯೇ ವೈರ್‌ಮನ್ ಆಗಿ, ಕೊನೆಗೆ ಬೇರೊಂದು ಕಾರಖಾನೆಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ನಮ್ಮ ವಿದ್ಯೆಯೆಲ್ಲ ರಾತ್ರಿಶಾಲೆಯದು ಮತ್ತು ಇಂಥ ವಾಚನಾಲಯಗಳ ಬೆಂಚಿನದು. ಆದರೆ ಕಾರ್ಯದರ್ಶಿಗಳು, “ನಿಮಗೆ ಗೊತ್ತಿದ್ದಷ್ಟನ್ನೇ ಹೇಳಿರಿ, ಸಾಕು” ಎಂದರು. ಗೊತ್ತಿದ್ದಷ್ಟನ್ನು ಹೇಳಲು ಸಂಕೋಚವೇಕೆಂದು ಒಪ್ಪಿಕೊಂಡೆವು.

ಇಂದಿನ ವಿಷಯ ಟ್ರಾನ್ಸ್‌ಫಾರ್ಮರ್. ಅದರ ಜೊತೆಗೆ, ಪಾಠಪುಸ್ತಕದಲ್ಲಿ ಥರ್ಮೋಡೈನಮಿಕ್ಸ್ ಎಂದು ಕರೆಯುವ ಉಷ್ಣಗತಿಶಾಸ್ತ್ರದ ಎರಡು ನಿಯಮಗಳು. ಪುಸ್ತಕದಲ್ಲಿ ಇವು ಬೇರೆ ಬೇರೆ ಅಧ್ಯಾಯಗಳಲ್ಲಿರುತ್ತವೆ. ಒಂದನ್ನು ಓದುವಾಗ ಇನ್ನೊಂದರ ನೆನಪು ಬರುವುದಿಲ್ಲ. ಆದರೆ ನಿಮ್ಮ ಓಣಿಯ ಮೂಲೆಯಲ್ಲಿ ಗುಂಯ್ ಎನ್ನುತ್ತ ನಿಂತ ಆ ಪೆಟ್ಟಿಗೆಯೊಳಗೆ ಇವೆರಡೂ ಹಗಲಿರುಳು ಕೂಡಿಯೇ ಕೆಲಸಮಾಡುತ್ತಿವೆ. ಅದನ್ನು ತೋರಿಸಿಕೊಡುವುದೇ ನಮ್ಮ ಉದ್ದೇಶ.

ಐ.ಟಿ.ಐ.ಗೂ ವೈರ್‌ಮನ್ ಪರೀಕ್ಷೆಗೂ ಓದುವ ಹುಡುಗರು ಸಂಜೆ ನಮ್ಮ ಬಳಿ ಬರುವುದುಂಟು. ಹಗಲು ಹೋಟೆಲಿನಲ್ಲಿಯೋ ಅಂಗಡಿಯಲ್ಲಿಯೋ ದುಡಿದು ಬಂದವರು. ಅವರಿಗೆ ನಾವು ಮೊದಲು ಕೇಳುವ ಪ್ರಶ್ನೆ, “ಟ್ರಾನ್ಸ್‌ಫಾರ್ಮರ್ ಎಂದರೇನು?” ಎಂಬುದು. “ವೋಲ್ಟೇಜನ್ನು ಹೆಚ್ಚು ಕಡಿಮೆ ಮಾಡುವ ಯಂತ್ರ” ಎಂಬ ಉತ್ತರ ಕೂಡಲೇ ಬರುತ್ತದೆ. “ಸರಿ. ಹೆಚ್ಚಾಯಿತಲ್ಲ, ಆ ಹೆಚ್ಚಾದದ್ದು ಎಲ್ಲಿಂದ ಬಂತು?” ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ ನಮ್ಮ ಹುಡುಗರು ಎಡವುವುದು ಇಲ್ಲಿಯೇ. ಸೂತ್ರ ಬಾಯಿಗೆ ಬಂದಿರುತ್ತದೆ, ಲೆಕ್ಕ ತಲೆಗೆ ಹೋಗಿರುವುದಿಲ್ಲ.

ಮೊದಲು ಈ ಯಂತ್ರದ ಹುಟ್ಟನ್ನು ನೋಡೋಣ. ಇದರ ಮೂಲಪುರುಷ ಮೈಕೇಲ್ ಫ್ಯಾರಡೆ. 1791ರಲ್ಲಿ ಇಂಗ್ಲೆಂಡಿನ ಬಡ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದವನು. ಹೆಚ್ಚಿನ ಶಾಲೆ ಕಂಡವನಲ್ಲ. ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಏಳು ವರುಷ ಉಮೇದುವಾರಿ ಮಾಡಿದನು. ಕಟ್ಟಲು ಬಂದ ಪುಸ್ತಕಗಳನ್ನು ಕಟ್ಟುವ ಮೊದಲು ಓದಿಬಿಡುತ್ತಿದ್ದನು. ವಿಶ್ವಕೋಶವೊಂದರಲ್ಲಿದ್ದ ವಿದ್ಯುತ್ತಿನ ಲೇಖನವನ್ನು ಓದಿದ್ದೂ ಹಾಗೆಯೇ. 1812ರಲ್ಲಿ ಸರ್ ಹಂಫ್ರಿ ಡೇವಿಯ ಭಾಷಣಗಳಿಗೆ ಯಾರೋ ಟಿಕೀಟು ಕೊಟ್ಟರು. ಕೇಳಿದ್ದನ್ನೆಲ್ಲ ಬರೆದುಕೊಂಡು, ತಾನೇ ರಟ್ಟು ಕಟ್ಟಿ, ಡೇವಿಗೆ ಕಳಿಸಿಕೊಟ್ಟನು. ಮರುವರುಷ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ಸಿಕ್ಕಿತು. ವಾಚನಾಲಯದಲ್ಲಿ ಕುಳಿತವರೆದುರು ಈ ಮಾತನ್ನು ಹೇಳದೆ ಮುಂದೆ ಹೋಗಲು ನಮ್ಮ ಮನಸ್ಸು ಒಪ್ಪಲಿಲ್ಲ.

1831ರ ಆಗಸ್ಟ್ 29ರಂದು ಫ್ಯಾರಡೆ ಒಂದು ಕಬ್ಬಿಣದ ಬಳೆಯನ್ನು ತೆಗೆದುಕೊಂಡು, ಅದರ ಒಂದು ಬದಿಗೆ ತಾಮ್ರದ ತಂತಿಯ ಒಂದು ಸುರುಳಿ, ಇನ್ನೊಂದು ಬದಿಗೆ ಇನ್ನೊಂದು ಸುರುಳಿ ಸುತ್ತಿದನು. ಎರಡೂ ಸುರುಳಿಗಳು ಒಂದಕ್ಕೊಂದು ಎಲ್ಲಿಯೂ ತಾಗಿರಲಿಲ್ಲ. ಒಂದಕ್ಕೆ ಬ್ಯಾಟರಿ ಹಚ್ಚಿದನು. ಇನ್ನೊಂದರ ತಂತಿಯ ಬಳಿ ಕಾಂತದ ಸೂಜಿಯನ್ನಿಟ್ಟನು. ಬ್ಯಾಟರಿ ಹಚ್ಚಿದ ಕ್ಷಣ ಸೂಜಿ ಒಮ್ಮೆ ಅಲುಗಿ, ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಂತಿತು. ಬ್ಯಾಟರಿ ತೆಗೆದ ಕ್ಷಣ ಮತ್ತೊಮ್ಮೆ, ಉಲ್ಟಾ ದಿಕ್ಕಿಗೆ ಅಲುಗಿತು. ನಡುವೆ ಪ್ರವಾಹ ಸಮನಾಗಿ ಹರಿಯುತ್ತಿರುವಷ್ಟು ಹೊತ್ತು ಸೂಜಿ ಸುಮ್ಮನೆ ಇತ್ತು.

ಈ ಅಲುಗಾಟದಲ್ಲಿಯೇ ಎಲ್ಲ ಅರ್ಥವಿದೆ. ಎರಡನೆಯ ಸುರುಳಿಯಲ್ಲಿ ವಿದ್ಯುತ್ತನ್ನು ಎಬ್ಬಿಸುವುದು ಕಬ್ಬಿಣದೊಳಗಿನ ಕಾಂತತೆಯಲ್ಲ, ಕಾಂತತೆಯ ಬದಲಾವಣೆ. ಆದಕಾರಣವೇ ಟ್ರಾನ್ಸ್‌ಫಾರ್ಮರಿಗೆ ಏ.ಸಿ. ಬೇಕು. ನಮ್ಮ ದೇಶದ ಏ.ಸಿ. ಸೆಕೆಂಡಿಗೆ 50 ಆವರ್ತದ್ದು. ಎಂದರೆ ಪ್ರವಾಹ ಒಂದು ಸೆಕೆಂಡಿನಲ್ಲಿ 50 ಬಾರಿ ಹೋಗಿ 50 ಬಾರಿ ಬರುತ್ತದೆ. ಕಬ್ಬಿಣದ ಕಾಂತತೆ ನಿಲ್ಲದೆ ಬದಲಾಗುತ್ತಿರುತ್ತದೆ, ಎರಡನೆಯ ಸುರುಳಿಯಲ್ಲಿ ವಿದ್ಯುತ್ತು ನಿಲ್ಲದೆ ಏಳುತ್ತಿರುತ್ತದೆ. ಪ್ರತಿ ಹೋಗುಬರುವಿಗೂ ಕಬ್ಬಿಣದ ಹಾಳೆಗಳು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತವೆ, ಸೆಕೆಂಡಿಗೆ 100 ಸಲ. ಓಣಿಯ ಪೆಟ್ಟಿಗೆಯ ಗುಂಯ್ ಎಂಬ ಸದ್ದು ಮುಖ್ಯವಾಗಿ ಅದೇ. ಅದೇ ಯಂತ್ರಕ್ಕೆ ಡಿ.ಸಿ. ಹಚ್ಚಿದರೆ ಬದಲಾವಣೆಯಿಲ್ಲ, ತಡೆಯುವ ಎದುರುಒತ್ತಡವೂ ಹುಟ್ಟುವುದಿಲ್ಲ. ಪ್ರವಾಹ ಮಿತಿಮೀರಿ ಹರಿದು ಸುರುಳಿ ಸುಟ್ಟುಹೋಗುತ್ತದೆ. ಇದು ಪರೀಕ್ಷೆಯಲ್ಲಿಯೂ ಬರುವ ಪ್ರಶ್ನೆ, ಕೆಲಸದಲ್ಲಿಯೂ ನೆನಪಿಡತಕ್ಕ ಮಾತು.

ಇನ್ನು ಸುತ್ತುಗಳ ಲೆಕ್ಕ. ಒಂದೇ ಕಬ್ಬಿಣ, ಒಂದೇ ಬದಲಾವಣೆ. ಆದ್ದರಿಂದ ಪ್ರತಿ ಸುತ್ತಿಗೂ ಸಿಗುವ ವೋಲ್ಟೇಜು ಎರಡೂ ಬದಿಯಲ್ಲಿ ಒಂದೇ. ಸುತ್ತು ಹೆಚ್ಚಿದ್ದ ಬದಿಗೆ ವೋಲ್ಟೇಜು ಹೆಚ್ಚು, ಸುತ್ತು ಕಡಿಮೆಯಿದ್ದ ಬದಿಗೆ ಕಡಿಮೆ. ಬೀದಿಯ ಟ್ರಾನ್ಸ್‌ಫಾರ್ಮರಿಗೆ ಸಾಮಾನ್ಯವಾಗಿ 11,000 ವೋಲ್ಟು ಬರುತ್ತದೆ. ಲೆಕ್ಕ ಸುಲಭವಾಗಲೆಂದು ಅದು 250 ವೋಲ್ಟು ಕೊಡುತ್ತದೆಂದು ಇಟ್ಟುಕೊಳ್ಳೋಣ. 11,000ವನ್ನು 250ರಿಂದ ಭಾಗಿಸಿದರೆ 44. ಕೆಳವೋಲ್ಟೇಜಿನ ಬದಿಗೆ 50 ಸುತ್ತಿದ್ದರೆ ಮೇಲ್ವೋಲ್ಟೇಜಿನ ಬದಿಗೆ 2,200 ಸುತ್ತು ಬೇಕು.

ಈಗ ಹುಡುಗರು ಉತ್ತರಿಸದ ಪ್ರಶ್ನೆಗೆ ಬರೋಣ. ನೂರು ರೂಪಾಯಿಯ ಒಂದು ನೋಟು ಕೊಟ್ಟು ಚಿಲ್ಲರೆ ಕೇಳಿದರೆ ಅಂಗಡಿಯವನು ಹತ್ತು ರೂಪಾಯಿಯ ಹತ್ತು ನೋಟು ಕೊಡುತ್ತಾನೆ. ನೋಟಿನ ಬೆಲೆ ಇಳಿಯಿತು, ನೋಟಿನ ಸಂಖ್ಯೆ ಏರಿತು, ಮೊತ್ತ ಮಾತ್ರ ಅಷ್ಟೇ. ವೋಲ್ಟೇಜು ನೋಟಿನ ಬೆಲೆಯಿದ್ದಂತೆ. ಆಂಪಿಯರು ನೋಟಿನ ಸಂಖ್ಯೆಯಿದ್ದಂತೆ. ಎರಡನ್ನೂ ಗುಣಿಸಿದರೆ ಬರುವ ವಾಟ್ ಒಟ್ಟು ಮೊತ್ತವಿದ್ದಂತೆ. ಮೇಲಿನ ಬದಿಯಿಂದ 11,000 ವೋಲ್ಟಿನಲ್ಲಿ 1 ಆಂಪಿಯರು ಒಳಗೆ ಬಂದರೆ, ಕೆಳಗಿನ ಬದಿಯಿಂದ 250 ವೋಲ್ಟಿನಲ್ಲಿ 44 ಆಂಪಿಯರು ಹೊರಗೆ ಹೋಗುತ್ತದೆ. ಎರಡೂ ಕಡೆ ಗುಣಿಸಿ ನೋಡಿರಿ: 11,000 ವಾಟ್. ಟ್ರಾನ್ಸ್‌ಫಾರ್ಮರ್ ಏನನ್ನೂ ಹುಟ್ಟಿಸುವುದಿಲ್ಲ. ಅದು ಚಿಲ್ಲರೆ ಮಾಡಿಕೊಡುವ ಅಂಗಡಿ. ಕೆಳವೋಲ್ಟೇಜಿನ ಸುರುಳಿಯ ತಂತಿ ಏಕೆ ದಪ್ಪಗಿರುತ್ತದೆಂಬುದೂ ಈಗ ನಿಮಗೆ ಹೊಳೆದಿರಬೇಕು. 44 ಪಾಲು ಪ್ರವಾಹ ಅದರೊಳಗಿಂದ ಹೋಗಬೇಕಾಗಿದೆ.

ಈ ಅಂಗಡಿ ಎರಡೂ ಕಡೆಯಿಂದ ತೆರೆದಿರುತ್ತದೆಂಬುದನ್ನು ಮರೆಯಬೇಡಿರಿ. ಕರೆಂಟು ಹೋದಾಗ ಯಾರಾದರೂ ಚೇಂಜ್‌ಓವರ್ ಸ್ವಿಚ್ ಇಲ್ಲದೆ ತಮ್ಮ ಜನರೇಟರನ್ನು ಮನೆಯ ಲೈನಿಗೆ ಹಚ್ಚಿದರೆ, ಆ 250 ವೋಲ್ಟು ಓಣಿಯ ಟ್ರಾನ್ಸ್‌ಫಾರ್ಮರನ್ನು ಹಿಂದಿನಿಂದ ಹೊಕ್ಕು, ಕಂಬದ ಮೇಲೆ 11,000 ಆಗಿ ಹೊರಡಬಲ್ಲದು. ಲೈನು ಸತ್ತಿದೆಯೆಂದು ನಂಬಿ ಹತ್ತಿದ ಲೈನ್‌ಮನ್ನನ ಗತಿಯೇನು? ಲೈನನ್ನು ಎರಡೂ ಕಡೆ ಬಿಡಿಸಿ, ಪರೀಕ್ಷಿಸಿ, ಅರ್ಥ್ ಮಾಡಿಯೇ ಮುಟ್ಟಬೇಕೆಂಬ ನಿಯಮ ಇದಕ್ಕಾಗಿಯೇ ಇದೆ.

“ಚಿಲ್ಲರೆ ಮಾಡಿಸುವ ಗೋಜು ಏತಕ್ಕೆ? ಮೊದಲೇ 250 ವೋಲ್ಟಿನಲ್ಲಿ ಕಳಿಸಬಾರದೆ?” ಎಂದು ನೀವು ಕೇಳಬಹುದು. ಲೆಕ್ಕ ಹಾಕೋಣ. 1,00,000 ವಾಟ್ ದೂರದ ಊರಿಗೆ ಕಳಿಸಬೇಕು. ಹೋಗಿಬರುವ ತಂತಿಯ ತಡೆ ಒಟ್ಟು 1 ಓಮ್ ಇರಲಿ. 250 ವೋಲ್ಟಿನಲ್ಲಿ ಕಳಿಸಲು 400 ಆಂಪಿಯರು ಬೇಕು. ತಂತಿಯಲ್ಲಿ ಬಿಸಿಯಾಗಿ ಹೋಗುವುದು ಆಂಪಿಯರಿನ ವರ್ಗದಷ್ಟು. 400ನ್ನು 400ರಿಂದ ಗುಣಿಸಿದರೆ 1,60,000 ವಾಟ್. ಕಳಿಸಬೇಕಾದದ್ದಕ್ಕಿಂತ ದಾರಿಖರ್ಚೇ ಹೆಚ್ಚಾಯಿತು! ಎಂದರೆ, ಕಳಿಸುವುದೇ ಸಾಧ್ಯವಿಲ್ಲ. ಅದನ್ನೇ 10,000 ವೋಲ್ಟಿಗೆ ಏರಿಸಿ ಕಳಿಸಿದರೆ 10 ಆಂಪಿಯರು ಸಾಕು. ದಾರಿಖರ್ಚು ಹತ್ತು ಹತ್ತಲೆ 100 ವಾಟ್. ಸಾವಿರದಲ್ಲಿ ಒಂದು ಪಾಲು. ತಂತಿ ಅದೇ, ದೂರ ಅದೇ.

ಕನ್ನಡನಾಡು ಈ ಲೆಕ್ಕವನ್ನು ಬಹಳ ಮುಂಚೆಯೇ ಮಾಡಿ ತೋರಿಸಿತು. ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲು, ಸುಮಾರು 148 ಕಿಲೋಮೀಟರು. 1902ರಲ್ಲಿ ಮೂವತ್ತು ಸಾವಿರಕ್ಕೆ ಕಡಿಮೆಯಿಲ್ಲದ ವೋಲ್ಟಿನಲ್ಲಿ ಅಷ್ಟು ದೂರ ವಿದ್ಯುತ್ತು ಹರಿಯಿತು. ಕೆಲಸಕ್ಕೆ ಕೈಹಾಕಿದ ದಿವಾನ್ ಶೇಷಾದ್ರಿ ಅಯ್ಯರ್ ಅವರು 1901ರಲ್ಲಿಯೇ ತೀರಿಕೊಂಡರು. ತಾವು ನೆಟ್ಟದ್ದರ ಫಲವನ್ನು ಕಾಣಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಇತ್ತ ನಮ್ಮ ಮುಂಬಯಿಯ ಗಿರಣಿಗಳಿಗೆ 1915ರಲ್ಲಿ ಖೋಪೋಲಿಯಿಂದ, ಲೋಣಾವಳಾ ಘಟ್ಟದ ಮೇಲಿನ ಕೆರೆಗಳ ನೀರಿನ ಬಲದಿಂದ, ಟಾಟಾ ಕಂಪನಿಯ ವಿದ್ಯುತ್ತು 1 ಲಕ್ಷ ವೋಲ್ಟಿನಲ್ಲಿ ಬಂತು. ಇಂದು ದೇಶದಲ್ಲಿ 7 ಲಕ್ಷ 65 ಸಾವಿರ ವೋಲ್ಟಿನ ಲೈನುಗಳಿವೆ. ಎಲ್ಲದರ ಹಿಂದೆಯೂ ಆ ಒಂದೇ ಲೆಕ್ಕ: ವೋಲ್ಟು ಹೆಚ್ಚಿಸು, ಆಂಪಿಯರು ತಗ್ಗಿಸು, ದಾರಿಖರ್ಚು ಉಳಿಸು.

ಆಂಪಿಯರಿನ ವರ್ಗದಷ್ಟು ಬಿಸಿ ಎಂದೆವಷ್ಟೆ. ಇದನ್ನು ಅಳೆದು ಹೇಳಿದವನು ಜೇಮ್ಸ್ ಜೂಲ್, ಇಂಗ್ಲೆಂಡಿನ ಬೀರಿನ ವ್ಯಾಪಾರಿಯೊಬ್ಬನ ಮಗ. 1840ರ ಸುಮಾರಿಗೆ ತಂತಿಯನ್ನು ನೀರಿನಲ್ಲಿ ಮುಳುಗಿಸಿ, ಪ್ರವಾಹ ಹರಿಸಿ, ನೀರು ಎಷ್ಟು ಕಾದೀತೆಂದು ಥರ್ಮಾಮೀಟರಿನಿಂದ ನೋಡಿದನು. ಪ್ರವಾಹ ಎರಡು ಪಾಲಾದರೆ ಬಿಸಿ ನಾಲ್ಕು ಪಾಲು. ಮೂರು ಪಾಲಾದರೆ ಒಂಬತ್ತು. ಆಮೇಲೆ ಅವನಿಗೆ, ಈ ಬಿಸಿ ಎಲ್ಲಿಂದ ಬಂತೆಂಬ ಪ್ರಶ್ನೆ ಎದ್ದಿತು. ಕೈಯಿಂದ ತಿರುಗಿಸುವ ಯಂತ್ರದಿಂದ ವಿದ್ಯುತ್ತು ಎಬ್ಬಿಸಿ ನೋಡಿದನು. ನೀರಿನೊಳಗೆ ಹಲಗೆಗಳನ್ನು ತಿರುಗಿಸಿ, ನೀರನ್ನು ಬರೀ ಕಡೆದು ಕಾಯಿಸಿ ನೋಡಿದನು. ಎಲ್ಲಿ ನೋಡಿದರೂ ಖರ್ಚಾದ ಕೆಲಸಕ್ಕೆ ಸರಿಯಾದ ಬಿಸಿ ಬಂದಿತ್ತು. ಒಂದು ಗ್ರಾಮು ನೀರನ್ನು ಒಂದು ಡಿಗ್ರಿ ಕಾಯಿಸಲು ಬೇಕಾದ ಕೆಲಸ, ಇಂದಿನ ಅಳತೆಯಲ್ಲಿ, ಸುಮಾರು 4.18 ಜೂಲ್. ಅವನ ಹೆಸರೇ ಅಳತೆಯ ಹೆಸರಾಯಿತು.

ಇದೇ ಉಷ್ಣಗತಿಶಾಸ್ತ್ರದ ಮೊದಲನೆಯ ನಿಯಮ. ಗುಮಾಸ್ತಿಕೆ ಮಾಡುವ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಮಾ ಎಷ್ಟೋ ಖರ್ಚು ಮತ್ತು ಶಿಲ್ಕು ಕೂಡಿ ಅಷ್ಟೇ. ಶಕ್ತಿ ಹುಟ್ಟುವುದಿಲ್ಲ, ಅಳಿಯುವುದಿಲ್ಲ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಗುತ್ತದೆ. ಪುಸ್ತಕ ಹೊಂದಲಿಲ್ಲವೆಂದರೆ ಶಕ್ತಿ ಕಳೆದುಹೋಗಿದೆಯೆಂದಲ್ಲ, ನಾವು ಯಾವುದೋ ಒಂದು ಖಾತೆಯನ್ನು ನೋಡಲಿಲ್ಲವೆಂದು ಅರ್ಥ. ಟ್ರಾನ್ಸ್‌ಫಾರ್ಮರಿನಲ್ಲಿ ನಾವು ನೋಡದೆ ಬಿಡುವ ಆ ಖಾತೆಯ ಹೆಸರು ಬಿಸಿ.

ಚಿಲ್ಲರೆ ಅಂಗಡಿಯವನು ವಟ್ಟ ಹಿಡಿದುಕೊಳ್ಳುತ್ತಾನಲ್ಲ, ಹಾಗೆ ಟ್ರಾನ್ಸ್‌ಫಾರ್ಮರೂ ಎರಡು ತರದ ವಟ್ಟ ಹಿಡಿಯುತ್ತದೆ. ಮೊದಲನೆಯದು ಕಬ್ಬಿಣದ ನಷ್ಟ. ಕಬ್ಬಿಣದ ಕಾಂತತೆಯನ್ನು ಅತ್ತಿತ್ತ ಹೊರಳಿಸುವುದಕ್ಕೆ ಸ್ವಲ್ಪ ಶಕ್ತಿ ಬೇಕು; ಪುಸ್ತಕದಲ್ಲಿ ಇದನ್ನು ಹಿಸ್ಟರಿಸಿಸ್ ಎನ್ನುತ್ತಾರೆ. ಮೇಲಾಗಿ ಕಬ್ಬಿಣವೂ ವಿದ್ಯುತ್ತು ಹರಿಯಬಲ್ಲ ಲೋಹವೇ ಆದ್ದರಿಂದ ಅದರೊಳಗೂ ಸಣ್ಣಸಣ್ಣ ಸುಳಿಪ್ರವಾಹಗಳು ಎದ್ದು ಅದನ್ನು ಕಾಯಿಸುತ್ತವೆ. ಈ ಸುಳಿಗಳನ್ನು ತುಂಡರಿಸಲೆಂದೇ ಕೋರನ್ನು ಗಟ್ಟಿಯಾಗಿ ಎರಕ ಹೊಯ್ಯದೆ, ಅರ್ಧ ಮಿಲಿಮೀಟರಿಗಿಂತ ತೆಳುವಾದ ಸಿಲಿಕಾನ್ ಉಕ್ಕಿನ ಹಾಳೆಗಳನ್ನು, ಒಂದಕ್ಕೊಂದು ವಿದ್ಯುತ್ತು ಹರಿಯದಂತೆ ಲೇಪಕೊಟ್ಟು, ಜೋಡಿಸುತ್ತಾರೆ. ಎರಡನೆಯದು ತಾಮ್ರದ ನಷ್ಟ. ಜೂಲ್ ಹೇಳಿದ ವರ್ಗದ ಲೆಕ್ಕದ್ದು.

ಒಂದು 100 ಕೆ.ವಿ.ಎ. ಟ್ರಾನ್ಸ್‌ಫಾರ್ಮರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಬ್ಬಿಣದ ನಷ್ಟ 250 ವಾಟ್, ಪೂರ್ಣ ಲೋಡಿನಲ್ಲಿ ತಾಮ್ರದ ನಷ್ಟ 1,500 ವಾಟ್ ಎಂದಿರಲಿ. ಕಬ್ಬಿಣದ ನಷ್ಟ ಮಳಿಗೆಯ ಬಾಡಿಗೆಯಿದ್ದಂತೆ. ವ್ಯಾಪಾರವಿರಲಿ ಇಲ್ಲದಿರಲಿ ಕಟ್ಟಲೇಬೇಕು. ಓಣಿಯೆಲ್ಲ ದೀಪ ಆರಿಸಿ ಮಲಗಿದರೂ ದಿನಕ್ಕೆ 6 ಯೂನಿಟ್, ತಿಂಗಳಿಗೆ 180 ಯೂನಿಟ್ ಹೋಗಿಯೇ ಹೋಗುತ್ತದೆ. ತಾಮ್ರದ ನಷ್ಟ ಹಾಗಲ್ಲ. ಅರ್ಧ ಲೋಡಿಗೆ ಅದು ಅರ್ಧವಾಗುವುದಿಲ್ಲ, ಕಾಲುಭಾಗವಾಗಿ 375 ವಾಟ್ ಆಗುತ್ತದೆ. ಪೂರ್ಣ ಲೋಡಿನಲ್ಲಿ ಒಟ್ಟು ನಷ್ಟ 1,750. ಲೋಡಿನ ಪವರ್ ಫ್ಯಾಕ್ಟರ್ ಒಂದೆಂದು ಹಿಡಿದರೆ ದಕ್ಷತೆ ನೂರಕ್ಕೆ 98ಕ್ಕೂ ಮೇಲೆ. ಮನುಷ್ಯ ಮಾಡಿದ ಯಂತ್ರಗಳಲ್ಲಿ ಇಷ್ಟು ಪ್ರಾಮಾಣಿಕವಾದವು ಕಡಿಮೆ.

ಆದರೆ ಲೋಡು ಕಾಲುಭಾಗ ಹೆಚ್ಚಾಯಿತೆನ್ನಿ. “ಇಪ್ಪತ್ತೈದು ತಾನೆ, ತಡೆದೀತು” ಎಂದು ಯಾರಿಗಾದರೂ ಅನ್ನಿಸುತ್ತದೆ. ವರ್ಗದ ಲೆಕ್ಕ ಬೇರೆ ಹೇಳುತ್ತದೆ. ತಾಮ್ರದ ನಷ್ಟ 1,500ರಿಂದ 2,344ಕ್ಕೆ ಏರುತ್ತದೆ. ಒಟ್ಟು ಬಿಸಿ 1,750ರಿಂದ 2,594 ವಾಟ್. ಹತ್ತಿರಹತ್ತಿರ ಒಂದೂವರೆ ಪಾಲು. ಲೋಡು ಕಾಲುಪಾಲು ಏರಿದರೆ ಬಿಸಿ ಅರ್ಧಪಾಲು ಏರಿತು. ಈ ಅಂಕಿಯನ್ನು ದಯವಿಟ್ಟು ನೆನಪಿಡಿರಿ. ಮುಂದೆ ಇದರ ಕೆಲಸವಿದೆ.

ಹುಟ್ಟಿದ ಬಿಸಿ ಹೊರಗೆ ಹೋಗಬೇಕು. ಅದಕ್ಕೆ ದಾರಿ ಎಣ್ಣೆ. ಸುರುಳಿಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾದ ಎಣ್ಣೆ ಹಗುರಾಗಿ ಮೇಲೇರುತ್ತದೆ, ಪಕ್ಕದ ರೇಡಿಯೇಟರಿನಲ್ಲಿ ಗಾಳಿಗೆ ಬಿಸಿಯನ್ನು ಕೊಟ್ಟು ತಣಿಯುತ್ತದೆ, ಭಾರವಾಗಿ ಕೆಳಗಿಳಿದು ಮತ್ತೆ ಸುರುಳಿಗಳ ಬುಡಕ್ಕೆ ಬರುತ್ತದೆ. ಪಂಪಿಲ್ಲ, ಆಳಿಲ್ಲ. ಅನ್ನದ ಪಾತ್ರೆಯಲ್ಲಿ ಕುದಿಯುವ ನೀರು ಮೇಲೆಕೆಳಗೆ ಹೊರಳುವುದನ್ನು ಕಂಡವರಿಗೆ ಇದು ಹೊಸದಲ್ಲ.

ಇಲ್ಲಿಯೇ ಎರಡನೆಯ ನಿಯಮ ಬರುತ್ತದೆ. ಬಿಸಿ ತಾನಾಗಿ ಬಿಸಿಯ ಕಡೆಯಿಂದ ತಂಪಿನ ಕಡೆಗೆ ಹರಿಯುತ್ತದೆ. ಉಲ್ಟಾ ತಾನಾಗಿ ಎಂದಿಗೂ ಹರಿಯದು. 1850ರಲ್ಲಿ ಜರ್ಮನಿಯ ಕ್ಲೌಸಿಯಸ್ ಇದನ್ನು ಶಾಸ್ತ್ರದ ಅಡಿಗಲ್ಲಾಗಿ ಇಟ್ಟನು. ಮಾತು ಸಾಧಾರಣವಾಗಿ ಕಾಣುತ್ತದೆ, ಪರಿಣಾಮ ದೊಡ್ಡದು. ಎಣ್ಣೆ ಗಾಳಿಗಿಂತ ಬಿಸಿಯಾಗಿದ್ದರೆ ಮಾತ್ರ ಬಿಸಿ ಹೊರಬೀಳುತ್ತದೆ, ಮತ್ತು ಅಂತರ ಹೆಚ್ಚಿದ್ದಷ್ಟೂ ಬೇಗ ಹೊರಬೀಳುತ್ತದೆ. 1,750 ವಾಟ್ ಹೊರಹಾಕಲು 50 ಡಿಗ್ರಿಯ ಅಂತರ ಬೇಕೆಂದಿರಲಿ. ಜನವರಿಯ ರಾತ್ರಿ ಗಾಳಿ 20 ಡಿಗ್ರಿಯಿದ್ದರೆ ಎಣ್ಣೆ 70ಕ್ಕೆ ನಿಂತೀತು. ಮೇ ತಿಂಗಳಲ್ಲಿ, ಬಾಗಿಲು ಮುಚ್ಚಿದ ಸಬ್‌ಸ್ಟೇಷನ್ನಿನ ಕೋಣೆಯಲ್ಲಿ ಗಾಳಿಯೇ 40 ಆದರೆ ಎಣ್ಣೆ 90ಕ್ಕೆ ಹೋಗಬೇಕು. ಲೋಡು ಒಂದಿಷ್ಟೂ ಹೆಚ್ಚಿಲ್ಲ! ಯಂತ್ರ ನಮ್ಮ ಮಾತು ಕೇಳುವುದಿಲ್ಲ, ಅಂತರದ ಮಾತು ಕೇಳುತ್ತದೆ.

ಒಬ್ಬ ವಿದ್ಯಾರ್ಥಿ ನಮ್ಮನ್ನು ಕೇಳಿದ್ದನು: “ಸರ್, ಆ 1,750 ವಾಟ್ ಬಿಸಿಯನ್ನು ಹಿಡಿದು ಮತ್ತೆ ವಿದ್ಯುತ್ತು ಮಾಡಬಾರದೇ?” ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರದ ದಾರಿ ತೋರಿಸಿದವನು ಫ್ರಾನ್ಸಿನ ತರುಣ ಎಂಜಿನಿಯರ್ ಸಾದಿ ಕಾರ್ನೊ. 1824ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಉಗಿಯಂತ್ರಗಳ ಬಗೆಗೆ ಒಂದು ಚಿಕ್ಕ ಪುಸ್ತಕ ಬರೆದನು. 1832ರಲ್ಲಿ ಕಾಲರಾದಿಂದ ತೀರಿಕೊಂಡನು. ಬಿಸಿಯಿಂದ ಎಷ್ಟು ಕೆಲಸ ತೆಗೆಯಬಹುದೆಂಬುದು ಯಂತ್ರದ ಚಮತ್ಕಾರದ ಮೇಲಲ್ಲ, ಬಿಸಿ ಮತ್ತು ತಂಪು ಎರಡರ ಉಷ್ಣಾಂಶದ ಮೇಲೆ ನಿಂತಿದೆಯೆಂದು ಅವನು ಕಂಡನು. ಸೂತ್ರ ಹೀಗಿದೆ: ಎರಡರ ಅಂತರವನ್ನು, ಬಿಸಿಯ ಕಡೆಯ ಕೆಲ್ವಿನ್ ಅಂಕಿಯಿಂದ ಭಾಗಿಸು. ಎಣ್ಣೆ 80 ಡಿಗ್ರಿ, ಎಂದರೆ 353 ಕೆಲ್ವಿನ್. ಗಾಳಿ 30 ಡಿಗ್ರಿ. ಅಂತರ 50. ಐವತ್ತನ್ನು 353ರಿಂದ ಭಾಗಿಸಿದರೆ ನೂರಕ್ಕೆ 14. ಜಗತ್ತಿನಲ್ಲಿ ಸಾಧ್ಯವಿರುವ ಅತ್ಯುತ್ತಮ ಯಂತ್ರವನ್ನು ಹಚ್ಚಿದರೂ 1,750ರಲ್ಲಿ ತಿರುಗಿ ಬರುವುದು 250 ವಾಟಿಗೆ ಮೇಲಿಲ್ಲ. ಉಳಿದದ್ದು ಗಾಳಿಯ ಪಾಲು. ಮೊದಲನೆಯ ನಿಯಮ, ಹಣ ಎಲ್ಲಿಯೂ ಹೋಗಿಲ್ಲವೆಂದು ಹೇಳುತ್ತದೆ. ಎರಡನೆಯ ನಿಯಮ, ಇದೆ, ಆದರೆ ಅದರಲ್ಲಿ ಬಹುಪಾಲು ನಿನ್ನ ಕೈಗೆ ತಿರುಗಿ ಬರುವುದಿಲ್ಲವೆಂದು ಹೇಳುತ್ತದೆ.

ಟ್ರಾನ್ಸ್‌ಫಾರ್ಮರ್ 98 ಕೊಡುವಾಗ, ಕಲ್ಲಿದ್ದಲಿನ ವಿದ್ಯುತ್‌ಕೇಂದ್ರ 35–40ಕ್ಕೆ ಏಕೆ ನಿಲ್ಲುತ್ತದೆಂಬುದೂ ಇದರಿಂದ ತಿಳಿಯುತ್ತದೆ. ರಾಯಚೂರಿನ ಬಳಿ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲಿನ ಕೇಂದ್ರವಿದೆ. ಇಂಥ ಕೇಂದ್ರದ ಉಗಿ ಸುಮಾರು 540 ಡಿಗ್ರಿ, ತಣಿಸುವ ಕಡೆ ಸುಮಾರು 40 ಎಂದು ಹಿಡಿಯಿರಿ. ಅಂತರ 500, ಬಿಸಿಯ ಕಡೆ 813 ಕೆಲ್ವಿನ್. ಕಾರ್ನೊನ ಮಿತಿಯೇ ನೂರಕ್ಕೆ 61; ನಿಜವಾದ ಯಂತ್ರಕ್ಕೆ ಅದೂ ಸಿಗುವುದಿಲ್ಲ. ಟ್ರಾನ್ಸ್‌ಫಾರ್ಮರು ವಿದ್ಯುತ್ತನ್ನು ಬಿಸಿಯ ದಾರಿಯಿಂದ ಒಯ್ಯುವುದೇ ಇಲ್ಲ, ಆದ್ದರಿಂದ ಕಾರ್ನೊನ ಸುಂಕದಕಟ್ಟೆ ಅದಕ್ಕೆ ಅಡ್ಡ ಬರುವುದಿಲ್ಲ. ಶಿವನಸಮುದ್ರದ ನೀರಿಗೂ ಹಾಗೆಯೇ.

ಇನ್ನು ಕೊನೆಯ ಮಾತು. ಇದು ಪುಸ್ತಕದ್ದಲ್ಲ, ನಮ್ಮದು.

1978ರ ಮೇ ತಿಂಗಳು. ನಾವು ಒಂದು ಗಿರಣಿಯ ಸಬ್‌ಸ್ಟೇಷನ್ನಿನಲ್ಲಿ ರಾತ್ರಿಪಾಳಿಯ ಹೆಲ್ಪರು, ವಯಸ್ಸು ಇಪ್ಪತ್ತೊಂದು. ಗಂಟೆಗೊಮ್ಮೆ ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಉಷ್ಣಾಂಶ ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯುವುದು ನಮ್ಮ ಕೆಲಸ. ಹಳೆಯ ಯಂತ್ರ, ಎಚ್ಚರಿಸುವ ಗಂಟೆಯಿರಲಿಲ್ಲ. ಆ ಬರವಣಿಗೆಯೇ ಕಾವಲು. ಆ ವರುಷ ಅದೇ ಟ್ರಾನ್ಸ್‌ಫಾರ್ಮರಿಗೆ ಹೊಸ ಮಗ್ಗಗಳನ್ನು ಹಚ್ಚಿದ್ದರು. ನಾವು ಹಗಲು ಖೋಲಿಯಲ್ಲಿ ನಿದ್ದೆಯಾಗದೆ, ರಾತ್ರಿ ಹನ್ನೆರಡಕ್ಕೆ ಒಮ್ಮೆ ನೋಡಿ 70 ಎಂದು ಬರೆದು, ಬೆಳಗಿನ ಆರರ ತನಕದ ಮನೆಗಳಿಗೆಲ್ಲ 70, 70 ಎಂದು ತುಂಬಿ ಮಲಗಿಬಿಡುತ್ತಿದ್ದೆವು. ಕ್ರಮೇಣ ಹನ್ನೆರಡಕ್ಕೂ ನೋಡುವುದನ್ನು ಬಿಟ್ಟೆವು. ಮೂರು ವಾರ ಪುಸ್ತಕದಲ್ಲಿ 70 ಇತ್ತು.

ಹೆಡ್ ವೈರ್‌ಮನ್ ವಿಜಾಪುರದ ಕಡೆಯ ಹಿರಿಯರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಅವರು ಹಗಲುಪಾಳಿಯಲ್ಲಿ ತೊಟ್ಟಿಗೆ ಕೈಯಿಟ್ಟು ನೋಡಿ, ಲೋಡು ಹೆಚ್ಚಾಗಿದೆ, ಕೆಲವು ಮಗ್ಗಗಳನ್ನು ಬೇರೆ ಟ್ರಾನ್ಸ್‌ಫಾರ್ಮರಿಗೆ ಹಾಕಿಕೊಡಿರೆಂದು ಎರಡು ಸಲ ಅರ್ಜಿ ಬರೆದಿದ್ದರು. ಆಫೀಸಿನವರು ಎರಡು ಸಲವೂ ಲಾಗ್‌ಬುಕ್ ತರಿಸಿ ನೋಡಿದರು. ರಾತ್ರಿ ಎಲ್ಲ ಮಗ್ಗಗಳೂ ಓಡುವಾಗಲೇ 70 ಇದೆ, ಮತ್ತೇನು ಅವಸರ? ಅರ್ಜಿ ಫೈಲಿಗೆ ಹೋಯಿತು.

ತಿಂಗಳ ಕೊನೆಯ ವಾರದಲ್ಲಿ ಒಂದು ರಾತ್ರಿ ಮೂರರ ಸುಮಾರಿಗೆ ದೊಡ್ಡ ಸಪ್ಪಳವಾಗಿ ನಾವು ಎಚ್ಚೆತ್ತೆವು. ಬ್ರೇಕರ್ ಬಿದ್ದಿತ್ತು. ಎಣ್ಣೆ ನೆಲದ ಮೇಲೆ ಚೆಲ್ಲಿತ್ತು. ಬೆಂಕಿ ಹತ್ತಲಿಲ್ಲ, ಯಾರೂ ಸಾಯಲಿಲ್ಲ; ಅದು ನಮ್ಮ ಪುಣ್ಯ. ತೊಟ್ಟಿ ಬಿಚ್ಚಿದಾಗ ಸುರುಳಿಯ ಮೇಲೆ ಸುತ್ತಿದ ಕಾಗದ ಹಪ್ಪಳದಂತೆ ಬೆರಳಿಗೆ ಮುರಿದುಬರುತ್ತಿತ್ತು. ಆ ಕಾಗದವೇ ಟ್ರಾನ್ಸ್‌ಫಾರ್ಮರಿನ ಆಯುಷ್ಯ. ಮಿತಿಯ ಮೇಲೆ ಪ್ರತಿ 6ರಿಂದ 8 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆಂದು ಶಾಸ್ತ್ರ ಹೇಳುತ್ತದೆ. ಅದು ಒಂದು ರಾತ್ರಿಯಲ್ಲಿ ಸುಟ್ಟದ್ದಲ್ಲ. ನಾವು 70 ಎಂದು ಬರೆಯುತ್ತಿದ್ದ ಒಂದೊಂದು ರಾತ್ರಿಯೂ ಸ್ವಲ್ಪ ಸ್ವಲ್ಪವಾಗಿ ಸುಟ್ಟದ್ದು.

ಆ ಖಾತೆಯ ಮಗ್ಗಗಳು ಮೂರು ದಿನ ನಿಂತವು. ಕಾಯಂ ಕಾರ್ಮಿಕರಿಗೆ ಹೇಗೋ ನಡೆಯಿತು. ಬದಲಿ ಕೆಲಸದವರಿಗೆ ಮೂರು ದಿನದ ಹಾಜರಿ ಹೋಯಿತು. ಅವರಲ್ಲಿ ನಾಲ್ವರು ನಮ್ಮ ಖೋಲಿಯವರೇ, ನಮ್ಮ ಊರ ಕಡೆಯವರೇ. ಆ ತಿಂಗಳು ಅವರಲ್ಲೊಬ್ಬರು ಮನೆಗೆ ಮನಿಯಾರ್ಡರು ಕಳಿಸಲಿಲ್ಲ. ನಾವು ಅವರ ಎದುರು ಕುಳಿತೇ ಊಟಮಾಡಬೇಕಾಗಿತ್ತು.

ಕಾಕಾ ನಮ್ಮ ಹೆಸರನ್ನು ಮೇಲೆ ಹೇಳಲಿಲ್ಲ. ಲಾಗ್‌ಬುಕ್ಕನ್ನು ನಮ್ಮ ಮುಂದಿಟ್ಟು ಇಷ್ಟೇ ಅಂದರು: “ತಮ್ಮಾ, ಥರ್ಮಾಮೀಟರ ಖರೇನ ಹೇಳತಿತ್ತು. ಕೇಳಾಂವ ಇರಲಿಲ್ಲ.” ಆಮೇಲೆ ಒಂದು ಕಾಗದ ತೆಗೆದು, ಲೋಡು ಕಾಲುಪಾಲು ಏರಿದರೆ ಬಿಸಿ ಎಷ್ಟೇರುತ್ತದೆಂದು ನಮ್ಮ ಕೈಯಿಂದಲೇ ಲೆಕ್ಕ ಹಾಕಿಸಿದರು. ನೆನಪಿಡಿರೆಂದು ಆಗಲೇ ಹೇಳಿದ ಲೆಕ್ಕ ಅದೇ. ಒಂದೂವರೆ ಪಾಲು ಎಂಬ ಉತ್ತರ ಬಂದಾಗ ನಮ್ಮ ಕೈ ನಡುಗಿತು. ರಾತ್ರಿಶಾಲೆಗೆ ಹೆಸರು ಹಚ್ಚಿದ್ದು ಆ ಜೂನಿನಲ್ಲಿ.

ವಿದ್ಯಾರ್ಥಿಮಿತ್ರರೆ, ಸೂತ್ರಗಳನ್ನು ಬಾಯಿಪಾಠ ಮಾಡಿರಿ, ಬೇಡವೆನ್ನುವುದಿಲ್ಲ. ಆದರೆ ಅವು ಕಾಣದ ಖಾತೆಯನ್ನು ತೋರಿಸುವ ದೀಪಗಳೆಂದು ತಿಳಿಯಿರಿ. ವೋಲ್ಟು ಏರಿತೆಂದರೆ ಆಂಪಿಯರು ಎಲ್ಲಿ ಇಳಿಯಿತೆಂದು ಕೇಳಿರಿ. ಶಕ್ತಿ ಕಡಿಮೆ ಬಂತೆಂದರೆ ಬಿಸಿ ಎಲ್ಲಿ ಹೋಯಿತೆಂದು ಕೇಳಿರಿ. ನಾಳೆ ನಿಮ್ಮಲ್ಲಿ ಯಾರ ಕೈಗಾದರೂ ಲಾಗ್‌ಬುಕ್ ಬಂದೀತು. ಗುಮಾಸ್ತೆಬಂಧುಗಳ ಕೈಯಲ್ಲಿ ಈಗಾಗಲೇ ಬೇರೆ ಬೇರೆ ರಿಜಿಸ್ಟರುಗಳಿವೆ. ಈಗ ಎಷ್ಟೋ ಕಡೆ ಯಂತ್ರವೇ ಅಳೆದು ಕಂಪ್ಯೂಟರಿಗೆ ಬರೆಯುತ್ತದೆ. ಆದರೂ ಓದುವ ಕಣ್ಣು ಮನುಷ್ಯನದೇ. ನೋಡದೆ ಬರೆದ ಒಂದು ಅಂಕಿ ಯಾರ ಮನೆಯ ಒಲೆಗೆ ತಟ್ಟುತ್ತದೆಂಬುದು ಬರೆಯುವಾಗ ತಿಳಿಯುವುದಿಲ್ಲ.

ಇಂದು ಮನೆಗೆ ಹೋಗುವಾಗ ಓಣಿಯ ಆ ಪೆಟ್ಟಿಗೆಯ ಬಳಿ, ಬೇಲಿಯ ಹೊರಗೇ, ಒಂದು ಕ್ಷಣ ನಿಂತು ಆ ಗುಂಯ್ ಸದ್ದನ್ನು ಕೇಳಿರಿ. ಅದರ ಜಮಾಖರ್ಚು ಈಗ ನಿಮಗೆ ಗೊತ್ತು.

 ಪ್ರಶ್ನೆಗಳಿದ್ದವರು ಸಂಕೋಚಪಡದೆ ಕೇಳಬಹುದು. ಗೊತ್ತಿದ್ದಷ್ಟನ್ನು ಹೇಳುತ್ತೇವೆ, ಗೊತ್ತಿಲ್ಲದ್ದನ್ನು ಇದೇ ವಾಚನಾಲಯದ ಕಪಾಟಿನಲ್ಲಿ ಕೂಡಿ ಹುಡುಕೋಣ.